ಚಿನ್ನಿಗೊಂದು ಚಮಚ ಎಣ್ಣೆ

ನಮ್ಮ ದೇವಾಪುರದಲ್ಲಿ ಕರೆಮ್ಮನ ಕೈಯಲ್ಲಿ ಬಾಣಂತನ ಮಾಡಿಸಿಕೊಳ್ಳದ ಹೆಣ್ಣುಮಗಳನ್ನು ಹುಡುಕಬೇಕು. ನಾನು ಕಸ್ತೂರಿ, ಕಿರಾಣಿ ಅಂಗಡಿಯವಳು. ನನ್ನ ಎರಡೂ ಬಾಣಂತನ ಅವಳದೇ. ತಲೆಗೆ ಎಣ್ಣೆ ಒತ್ತಿದರೆ ಅದು ಹುಬ್ಬಿನ ತನಕ ಇಳಿಯಬೇಕು, ಅನ್ನಕ್ಕೆ ತುಪ್ಪ ಬಡಿಸಿದರೆ ಅನ್ನ ಕಾಣಬಾರದು. ಅಳತೆ ಎಂಬ ಮಾತೇ ಅವಳಿಗೆ ಆಗಿಬರುವುದಿಲ್ಲ. ನಾನು ಅಂಗಡಿಯಲ್ಲಿ ಎಣ್ಣೆಯನ್ನು ಗೆರೆಗೆ ಸರಿಯಾಗಿ ನಿಲ್ಲಿಸಿದರೆ, "ನಿನ್ನ ಕೈ ಭಾಳ ಬಿಗಿ ಬಿಡವ್ವಾ" ಎಂದು ಎಲ್ಲರೆದುರೇ ನಗುತ್ತಾಳೆ. ನನಗೆ ಸಿಟ್ಟು ಬರುತ್ತದೆ, ಆದರೂ ಅವಳ ಮೇಲೆ ನಿಲ್ಲುವುದಿಲ್ಲ.

ಹೊಲದ ಕೂಲಿ ಮುಗಿಸಿ ಬಂದರೆ ಅವಳ ಲೋಕವೆಲ್ಲ ಆಡುಗಳು. ಅದರಲ್ಲೂ ಚಿನ್ನಿ. ಮದುವೆಯಲ್ಲಿ ಅವಳ ಅವ್ವ ತವರಿನಿಂದ ಒಂದು ಆಡು ಕೊಟ್ಟು ಕಳಿಸಿದ್ದಳು. ಅದರ ತಳಿಯಲ್ಲಿ ಉಳಿದದ್ದು ಇದೊಂದೇ. ಅವ್ವ ಈಗಿಲ್ಲ.

ಈ ಬೇಸಿಗೆಯಲ್ಲಿ ಕಾಲುವೆಯ ನೀರು ನಿಂತು ಬದುವಿನ ಹಸಿರೆಲ್ಲ ಒಣಗಿದ ಹೊತ್ತಿಗೆ ಚಿನ್ನಿ ಎರಡು ಮರಿ ಹಾಕಿತು. ಹಾಲು ಏರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಸಂಜೆ ಮೇದು ಬರುವಾಗ ಊರ ಮುಂದಿನ ಚರಂಡಿಯ ಹಾಸುಗಲ್ಲಿನ ಹತ್ತಿರ ನಿಂತುಬಿಡುತ್ತಿತ್ತು. ಉಳಿದವು ನೆಗೆದು ದಾಟುತ್ತಿದ್ದವು. ಇದು ಮಾತ್ರ ಕತ್ತು ಚಾಚಿ ಅರಚುತ್ತಿತ್ತು. ಕರೆಮ್ಮ ಓಡಿಹೋಗಿ ಕಿವಿ ಹಿಡಿದು ದಾಟಿಸಬೇಕು.

ಆಡು ಕಾಯುವವನು ಅವಳ ಗಂಡ ಅಂಬ್ರಪ್ಪ. "ಕಣ್ಣು ಕಾಣದ ಆಡು ಕಟ್ಕೊಂಡು ಏನ್ ಮಾಡೂದೈತಿ? ಕೆಂಭಾವಿ ಸಂತಿಗಿ ಹೊಡಕೊಂಡು ಹೋಗಿ ಮಾರ್ತೀನಿ" ಎಂದ. ಅಲ್ಲಿ ಇಂಥ ಆಡನ್ನು ಕೊಳ್ಳುವವರು ಸಾಕುವುದಕ್ಕೆ ಕೊಳ್ಳುವುದಿಲ್ಲ.

"ಎರಡು ಸಂತಿ ತಡಿ. ಅಷ್ಟರಾಗ ತಾನಾಗೇ ಕಲ್ಲು ದಾಟಲಿಲ್ಲ ಅಂದ್ರ ನಾನೇ ಹಗ್ಗ ಹಾಕಿ ಕೊಡ್ತೀನಿ" ಎಂದಳು ಕರೆಮ್ಮ.

ಮರುದಿನವೇ ಚಿನ್ನಿಯನ್ನು ಆಟೋದಲ್ಲಿ ಸುರಪುರದ ದನದ ಡಾಕ್ಟರು ಪರಿಮಳಾ ಅವರ ಹತ್ತಿರ ಒಯ್ದಳು. "ಇದಕ್ಕ ಇರುಳುಗಣ್ಣು ಆಗೇತ್ರಿ. ಬರೇ ಒಣ ಹತ್ತಿ ಕಟಗಿ ತಿಂದ್ರ ವಿಟಮಿನ್ ಎಲ್ಲಿಂದ ಬರಬೇಕು? ಈ ಔಷಧಿ ನಾ ಹೇಳಿದಷ್ಟು ಹನಿ ಹಾಕ್ರಿ. ಜೋಡಿ ಒಂದು ಚಮಚ ಕುಸುಬಿ ಎಣ್ಣಿ ನುಚ್ಚಿನಾಗ ಕಲಸಿ ಕೊಡ್ರಿ, ಔಷಧಿ ಮೈಗೆ ಹತ್ತತೈತಿ" ಎಂದರು ಅವರು.

ಔಷಧಿಯನ್ನೇನೋ ಕರೆಮ್ಮ ಹೇಳಿದಷ್ಟೇ ಹಾಕಿದಳು. ಎಣ್ಣೆಯ ವಿಷಯಕ್ಕೆ ಬಂದರೆ ಕೈ ಕೇಳಬೇಕಲ್ಲ? "ಎರಡು ಹಡದಾಳ. ಒಂದು ಚಮಚ ಯಾವ ಮೂಲಿಗಿ ಸಾಕು?" ಎಂದು ಸೌಟುಗಟ್ಟಲೆ ಸುರಿದಳು. ಬಾಣಂತಿಗೆ ಜಿಪುಣತನ ಮಾಡಿದವಳೇ ಅಲ್ಲ ಅವಳು.

ಎರಡೇ ದಿನದಲ್ಲಿ ಚಿನ್ನಿ ಮೇವು ಬಿಟ್ಟಿತು, ಭೇದಿ ಹತ್ತಿತು, ಮೆಲುಕು ನಿಂತುಹೋಯಿತು. ಡಾಕ್ಟರು ದೇವಾಪುರಕ್ಕೇ ಬಂದು ಸೂಜಿ ಹಾಕಿದರು. "ಆಡಿನ ಹೊಟ್ಟ್ಯಾಗ ಮೇವು ಅರಗಸೋ ಸಣ್ಣ ಸಣ್ಣ ಜೀವ ಇರ್ತಾವ್ರಿ. ಇಷ್ಟು ಎಣ್ಣಿ ಸುರಿದ್ರ ಅವು ಉಳೀತಾವೇನ್ರಿ? ಮೆಲುಕು ತಿರುಗೋ ತನಕ ಎಣ್ಣಿ ಬ್ಯಾಡ, ಬರೇ ಒಣಮೇವು."

ಅವತ್ತು ಕರೆಮ್ಮ ನನ್ನ ಅಂಗಡಿಗೆ ಬಂದಳು. ಜನ ತುಂಬಿದ್ದರು. ಬೇರೆ ಯಾರಾದರೂ ಆಗಿದ್ದರೆ ದೃಷ್ಟಿ ತಾಗಿತು ಅಂತಲೋ, ಔಷಧಿ ಸರಿಯಿರಲಿಲ್ಲ ಅಂತಲೋ ಹೇಳಿ ಜಾರಿಕೊಳ್ಳುತ್ತಿದ್ದರು. ಇವಳು ಎಲ್ಲರೆದುರೇ ಅಂದಳು: "ನನ್ನ ಕೈಯಿಂದನ ಅದನ್ನ ಕೊಲ್ತಿದ್ನೆವ್ವಾ. ಕಸ್ತೂರಿ, ನನಗ ಅಳೆಯೋದು ಕಲಿಸು."

ನಾನು ಚೆನ್ನಾಗಿ ಬೈದೆ. ಬೈಯುತ್ತಲೇ ಒಂದು ಸಣ್ಣ ಚಮಚ ಕೊಟ್ಟು, ಗಲ್ಲಾಪೆಟ್ಟಿಗೆಯ ಹಿಂದೆ ಅವಳ ಪಕ್ಕ ನಿಂತು, ನೀರು ಹಾಕಿ ಹಾಕಿ ತೋರಿಸಿದೆ. ಅಂಚು ಬಂದ ಕೂಡಲೇ ಕೈ ಎತ್ತಬೇಕು. ಅವಳಿಗೆ ಅದು ಕೂಲಿ ಕೆಲಸಕ್ಕಿಂತ ಕಷ್ಟವಾಯಿತು. ಅಷ್ಟು ದೊಡ್ಡ ಕೈ ನನ್ನ ಮುಂದೆ ಚಮಚ ಹಿಡಿದು ಮತ್ತೆ ಮತ್ತೆ ಅಳೆದಾಗ ಆ ಹೆಂಗಸಿನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತೋ ಹೇಳಲಾರೆ.

ಚಿನ್ನಿಗೆ ಮೆಲುಕು ಮತ್ತೆ ಶುರುವಾಯಿತು. ಆಮೇಲೆ ದಿನವೂ ಔಷಧಿಯ ಹನಿ, ಚಮಚದ ಎಣ್ಣೆ, ನಮ್ಮ ಹಿತ್ತಲಿನ ನುಗ್ಗೆಸೊಪ್ಪು. ಮರಿಗಳ ಹೊಟ್ಟೆ ತುಂಬಿ ಚಹಾಕ್ಕೂ ಹಾಲು ಮಿಗತೊಡಗಿತು. ಆದರೆ ಎರಡನೆಯ ಸಂತೆ ಹತ್ತಿರ ಬಂದೇಬಿಟ್ಟಿತು.

ಸಂತೆಯ ಹಿಂದಿನ ಸಂಜೆ ಹೊಸ ಹಗ್ಗ ಅಂಬ್ರಪ್ಪನ ಹೆಗಲ ಮೇಲಿತ್ತು. ಅವನು ಹಿಂಡಿನ ಹಿಂದೆ, ನಾವಿಬ್ಬರು ಹಾಸುಗಲ್ಲಿನ ಈ ಕಡೆ. ಬೆಳಕು ಇಳಿದಿತ್ತು. ಆಡುಗಳೆಲ್ಲ ದಾಟಿದವು. ಚಿನ್ನಿ ಕಲ್ಲಿನ ಹತ್ತಿರ ಬಂದು ನಿಂತಿತು. ಕರೆಮ್ಮನ ಕಾಲು ಮುಂದೆ ಹೋಯಿತು. ನಾನು ರಟ್ಟೆ ಹಿಡಿದು ನಿಲ್ಲಿಸಿದೆ. ಚಿನ್ನಿ ತಲೆ ಬಗ್ಗಿಸಿ ಕಲ್ಲು ನೋಡಿತು, ಈಚೆ ನೋಡಿತು, ಒಂದೇ ನೆಗೆತಕ್ಕೆ ದಾಟಿ ನಮ್ಮಿಬ್ಬರ ನಡುವೆಯೇ ಮನೆಯ ಕಡೆ ಓಡಿತು.

ಅಂಬ್ರಪ್ಪ ಆ ಕಡೆಯೇ ನಿಂತಿದ್ದ. ಕರೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ದಾಟಿ ಬಾ, ನಿನಗೂ ಕಿವಿ ಹಿಡೀಬೇಕೇನು? ಆ ಹಗ್ಗ ಬಾವಿ ಕೊಡಕ್ಕ ಕಟ್ಟು, ಹಳೇದು ಹರದೈತಿ."