ಬಾಟಲಿಯ ತಳದ ಸಿ ಅಕ್ಷರ

ನಮ್ಮ ಪಡಸಾಲೆಯ ಗೂಡಿನಲ್ಲಿ ಹಳೆಯ ಸೋಡಾ ಬಾಟಲಿಗಳ ಸಾಲಿದೆ. ಸಾಲಿನ ನಡುವೆ ಒಂದು ಜಾಗ ಖಾಲಿ. ಸುತ್ತಲಿನ ಹಲಗೆ ಬಿಸಿಲಿಗೆ ಬಣ್ಣಗೆಟ್ಟಿದೆ, ಬಾಟಲಿ ನಿಂತಿದ್ದ ಆ ದುಂಡು ಮಾತ್ರ ಹಳೆಯ ಬಣ್ಣದಲ್ಲೇ ಉಳಿದಿದೆ. ಇವತ್ತು ಬೆಳಿಗ್ಗೆ ಧೂಳು ಒರೆಸುತ್ತಿದ್ದಾಗ ಕೈ ಅಲ್ಲಿ ನಿಂತಿತು. ಆ ಜಾಗದ ಕಥೆಯನ್ನು ನಿಮಗೆ ಹೇಳಬೇಕೆನಿಸಿತು.

ಅಂಚೆ ಕಚೇರಿಯಲ್ಲಿ ಜೀವಮಾನವೆಲ್ಲ ಮುದ್ರೆ ಒತ್ತಿದವನು ನಾನು. ಗುರುತು ಓದುವ ಚಟ ನಿವೃತ್ತಿಯ ಜೊತೆಗೆ ಬಿಡಲಿಲ್ಲ. ಲಕೋಟೆಗಳು ಕೈತಪ್ಪಿದವು, ಬಾಟಲಿಗಳು ಸಿಕ್ಕವು. ತಿಕೋಟಾ, ಬಬಲೇಶ್ವರ, ಜೈನಾಪುರ, ಎಲ್ಲಿ ಗುಜರಿ ಅಂಗಡಿ ಕಂಡರೂ ಸ್ಕೂಟರು ತಾನಾಗಿ ನಿಲ್ಲುತ್ತಿತ್ತು. ನನ್ನ ಹೆಂಡತಿ ಬಂದವರೆದುರು, "ಇವರು ಬಾಟ್ಲಿ ಬುಡಾ ನೋಡಿ ಜಾತಕಾ ಹೇಳತಾರ್ರಿ" ಎನ್ನುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಜಾತಕವೂ ಹೇಳುತ್ತಿದ್ದೆ ಅನ್ನಿ. ಪಕ್ಕದಲ್ಲಿ ಹಾಯುವ ಅಚ್ಚಿನ ಗೆರೆ ಬಾಯಿಯವರೆಗೆ ಏರಿದ್ದರೆ ಯಂತ್ರದ ಕಾಲದ್ದು, ಕೊರಳಲ್ಲೇ ನಿಂತಿದ್ದರೆ ಅದಕ್ಕೂ ಹಿಂದಿನದು. ಕಾಗದದ ಲೇಬಲ್ ಉಳಿದಿದ್ದರೆ ಇನ್ನೂ ಸುಲಭ. ವಿಜಯಪುರ ಎಂದಿದ್ದರೆ ಮೊನ್ನೆ ಮೊನ್ನೆಯದು, ಬಿಜಾಪುರ ಎಂದಿದ್ದರೆ ಊರಿನ ಹೆಸರು ಬದಲಾಗುವ ಮೊದಲಿನದು. ಮನುಷ್ಯರ ವಯಸ್ಸನ್ನು ಮಾತ್ರ ಹೀಗೆ ಹೇಳಲಾಗದು, ನಮ್ಮ ಓಣಿಯ ಸಣ್ಣ ಮಕ್ಕಳೂ ಈಗಲೂ ಬಿಜಾಪುರ ಎಂದೇ ಅನ್ನುತ್ತಾರೆ.

ಜೋರಾಪುರ ಪೇಟೆಯಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಚಾಂದಬಿಯದು. ಹೊಲಿಗೆ ಮಾಡುವ ಹೆಂಗಸು, ವಯಸ್ಸಿನಲ್ಲಿ ನನ್ನದೇ ವಾರಿಗೆ. ಅವರಪ್ಪ ತಿಕೋಟಾದಲ್ಲಿ ಗೋಲಿ ಸೋಡಾ ಮಾಡುತ್ತಿದ್ದ. ಮಗಳು ಅಂಬೆಗಾಲಿಡುವ ಮೊದಲೇ ತೀರಿಕೊಂಡ. ಬಬಲೇಶ್ವರದ ಸಂತೆಗೆ ಹೋದ ಬಾಟಲಿಗಳು ಬೇರೆಯವರ ಬಾಟಲಿಗಳ ಜೊತೆ ಕಲೆಯುತ್ತಿದ್ದರಿಂದ ಸೋಡಾದವರು ತಂತಮ್ಮ ಗುರುತನ್ನು ಅರದಿಂದ ತಳದಲ್ಲಿ ಕೊರೆದುಕೊಳ್ಳುತ್ತಿದ್ದರು. ನನ್ನ ಗೂಡನ್ನು ಮೊದಲ ಸಲ ನೋಡಿದ ದಿನ ಚಾಂದಬಿ ಒಂದು ಮಾತು ಕೇಳಿದಳು.

"ನಮ್ಮಪ್ಪಂದು ಒಂದು ಫೋಟೋನೂ ಇಲ್ರಿ. ನಾ ಹುಟ್ಟಿದ ಮ್ಯಾಲ ಬಾಟ್ಲಿಗೆಲ್ಲಾ ನನ್ನ ಹೆಸರು ಹಾಕಿದ್ನಂತ, ನಮ್ಮವ್ವ ಹೇಳತಿದ್ಲು. ಅಂಥಾದೊಂದು ಸಿಕ್ಕರ ತರ್ರಿ. ಒಮ್ಮಿ ಕೈಯಾಗ ಹಿಡೀಬೇಕು."

ಅಷ್ಟೇ ತಾನೇ ಎಂದುಕೊಂಡೆ. ಕನ್ನಡದಲ್ಲಿ ಹುಡುಕಿದೆ, ಉರ್ದು ಬಲ್ಲವರನ್ನು ಕರೆದು ತೋರಿಸಿದೆ, ಮರಾಠಿ ಇರಬಹುದೆಂದು ಕನ್ನಡಕ ಬದಲಿಸಿ ನೋಡಿದೆ. ಚಾಂದಬಿ ಎಂಬ ಹೆಸರು ಎಲ್ಲಿಯೂ ಇರಲಿಲ್ಲ. ಸ್ಕೂಟರಿನಿಂದ ಚೀಲ ಇಳಿಸುವಾಗ ಆಕೆ ಮೊದಮೊದಲು ಬಾಯಿಬಿಟ್ಟು ಕೇಳುತ್ತಿದ್ದಳು. ಆಮೇಲೆ ಹುಬ್ಬಿನಲ್ಲೇ ಕೇಳತೊಡಗಿದಳು. ಕೊನೆಗೆ, ನನಗೆ ಬೇಜಾರಾದೀತೆಂದು, ಚೀಲ ಕಂಡರೆ ತಲೆ ತಗ್ಗಿಸಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಅದರಿಂದ ನನಗೆ ಬಹಳ ಸಂಕಟವಾಗುತ್ತಿತ್ತು.

ಈ ನಡುವೆ ನನ್ನ ಗೂಡಿನಲ್ಲಿ ಒಂದು ವಿಶೇಷ ಬಾಟಲಿ ಇತ್ತು. ಸಿಕ್ಕದ್ದು ತಿಕೋಟಾದಲ್ಲೇ. ತಳದಲ್ಲಿ ಇಂಗ್ಲಿಷಿನ ಸಿ ಅಕ್ಷರ ಕೊರೆದಿತ್ತು. ಇದು ಹೊರಗಿನ ಕಂಪನಿ, ಬಹುಶಃ ಸೊಲ್ಲಾಪುರದ ಕಡೆಯದು ಎಂದು ನಿರ್ಧರಿಸಿ, ಚೀಟಿಯಲ್ಲಿ 'ಸಿ ಕಂಪನಿ' ಎಂದು ಬರೆದು ಮುಂದಿಟ್ಟಿದ್ದೆ. ಬಂದವರಿಗೆ ಆ ಇಲ್ಲದ ಕಂಪನಿಯ ಬಗ್ಗೆ ಭಾಷಣವನ್ನೂ ಬಿಗಿಯುತ್ತಿದ್ದೆ.

ಒಂದು ವರ್ಷ ರಮಜಾನಿನ ಕೊನೆಯ ಸಂಜೆ ಓಣಿಯವರೆಲ್ಲ ಮಾಳಿಗೆ ಹತ್ತಿ ಚಂದ್ರನನ್ನು ಹುಡುಕುತ್ತಿದ್ದರು. ನಾವೂ ಹತ್ತಿದ್ದೆವು. ಚಾಂದ ಎಂದರೆ ಚಂದ್ರ, ಅದರ ಮೇಲೆ ಪ್ರತಿ ವರ್ಷ ಮಾಡುವ ತಮಾಷೆಯನ್ನೇ ಚಾಂದಬಿ ಮಾಡಿದಳು.

"ಅಲ್ಲಿ ನೋಡ್ರಿ, ತೊರವಿ ಕಡೆ. ನನ್ನ ಹೆಸರು ಕಾಣಾಕತ್ತೈತಿ."

ನೋಡಿದೆ. ಎಳೆಯ ಚಂದ್ರ ಬೆನ್ನು ಕೆಳಗೆ ಮಾಡಿ ಒರಗಿದ್ದ. ನಡುವೆ ದಪ್ಪ, ತುದಿಗಳೆರಡೂ ಚೂಪು. ಈ ಗುರುತನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಸಿ ಬರೆಯುವವರು ನಡುವೆ ದಪ್ಪ ಮಾಡಿ ತುದಿ ಚೂಪು ಮಾಡುವುದಿಲ್ಲ. ಅಲ್ಲದೆ ದುಂಡನೆಯ ತಳಕ್ಕೆ ಮೇಲು ಕೆಳಗು ಎಲ್ಲಿಯದು? ಅಕ್ಷರ ಬಲ್ಲೆನೆಂಬ ಜಂಬಕ್ಕೆ ನಾನು ಅದನ್ನು ಅಕ್ಷರವಾಗುವಂತೆ ತಿರುಗಿಸಿ ಹಿಡಿದಿದ್ದೆ, ಅಷ್ಟೆ.

ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಬಾಟಲಿ ತಂದು, ತಳ ಮೇಲೆ ಮಾಡಿ, ಚಂದ್ರನಂತೆಯೇ ಒರಗಿಸಿ ಅವಳ ಕೈಗೆ ಕೊಟ್ಟೆ. ಚಾಂದಬಿ ಕೊರೆದ ತಗ್ಗಿನಲ್ಲಿ ಹೆಬ್ಬೆರಳು ಇಟ್ಟು ಆ ತುದಿಯಿಂದ ಈ ತುದಿಗೆ ಆಡಿಸಿದಳು.

"ಅಪ್ಪಗ ಬರಿಯಾಕ ಬರತಿತ್ತಂತ ತಿಳಕೊಂಡಿದ್ನಿ," ಎಂದಳು. "ಬರತಿದ್ದಿಲ್ಲ. ಅದಕ್ಕ ಚಾಂದ ತಗದಾನ."

ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಟಲಿ ಅಲುಗಿ ಒಳಗಿನ ಗೋಲಿ ಟಣ್ಣೆಂದಿತು. ಆಗ ಆಕೆ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದಳು, ಇದು ಯಾವಾಗಿನದು ಎಂದು. ಅಚ್ಚಿನ ಗೆರೆ ನೋಡುವ ಅಗತ್ಯವಿರಲಿಲ್ಲ. ನೀವು ಹುಟ್ಟಿದ ಮೇಲಿನದು, ನಿಮ್ಮಪ್ಪ ತೀರಿಕೊಳ್ಳುವ ಮೊದಲಿನದು ಎಂದೆ.

"ಹಂಗಾರ ನಾವಿಬ್ರೂ ಇದ್ದಾಗಿಂದು," ಎಂದಳು ಚಾಂದಬಿ.

ಬಾಟಲಿ ಅಂದಿನಿಂದ ಅವಳ ಹೊಲಿಗೆ ಯಂತ್ರದ ಪಕ್ಕದಲ್ಲಿದೆ. ಖಾಲಿ ಜಾಗದಲ್ಲಿ ಬೇರೊಂದನ್ನು ಇಡಿ ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ. ಇವತ್ತು ಆ ದುಂಡನ್ನು ನಿಧಾನವಾಗಿ ಒರೆಸಿದೆ. ಮುಂದಿದ್ದ ಹಳೆಯ ಚೀಟಿ ತೆಗೆದು, ಸಿ ಕಂಪನಿ ಎಂಬುದನ್ನು ಹೊಡೆದು, ಕೆಳಗೆ ಬರೆದೆ: ಇಬ್ಬರೂ ಇದ್ದಾಗಿನದು.