ಪತ್ರೊಡೆ ಯಾರಿಗೆಲ್ಲ ಬೇಕು?

ನಮ್ಮ ಕುಟುಂಬದ ಮೊಬೈಲ್ ಗ್ರೂಪಿನಲ್ಲಿ ನಾನು ಎಲ್ಲವನ್ನೂ ಓದುತ್ತೇನೆ, ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಇದು ಸೋಮಾರಿತನ ಎಂದು ಹೆಂಡತಿ ಹೇಳುತ್ತಾಳೆ. ಮೊನ್ನೆಯವರೆಗೆ ನಾನು ಅದನ್ನು ವೃತ್ತಿಧರ್ಮ ಎಂದು ವಾದಿಸುತ್ತಿದ್ದೆ.

ನನ್ನ ವೃತ್ತಿ ಸುರತ್ಕಲ್ ಕಡೆಯ ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವುದು. ಸಭಾಂಗಣದಲ್ಲಿ ಯಾರೋ ಭಾಷಣ ಮಾಡಿದರೆ ಅದರ ವಿಡಿಯೋ ಹತ್ತಾರು ಕೋಣೆಗಳಿಗೆ ಹೋಗಬೇಕು. ಕೋಣೆಗೊಂದರಂತೆ ಪ್ರತಿ ಕಳಿಸುತ್ತ ಕೂತರೆ ತಂತಿ ಉಸಿರುಗಟ್ಟುತ್ತದೆ. ಅದಕ್ಕೇ ಮಲ್ಟಿಕಾಸ್ಟ್ ಎಂಬ ಏರ್ಪಾಡು: ಹೊರಡುವುದು ಒಂದೇ ಪ್ರತಿ, ದಾರಿ ಕವಲೊಡೆದಲ್ಲಿ ಮಾತ್ರ ಅದು ಎರಡಾಗುತ್ತದೆ. ಕಳಿಸುವವನಿಗೆ ಕೇಳುಗರ ಹೆಸರು ಕೂಡ ಗೊತ್ತಿರುವುದಿಲ್ಲ. ಬೇಕಾದ ಕಂಪ್ಯೂಟರ್ ತಾನಾಗಿ ‘ನನಗೆ ಬೇಕು’ ಎಂದು ಹತ್ತಿರದ ರೂಟರಿಗೆ ಹೇಳಬೇಕು. ರೂಟರೂ ಆಗಾಗ ‘ಇನ್ನೂ ಯಾರಿಗಾದರೂ ಬೇಕೋ’ ಎಂದು ವಿಚಾರಿಸುತ್ತದೆ. ಆ ಕವಲಿನಲ್ಲಿ ಒಬ್ಬರು ಹೂಂ ಎಂದರೆ ಸಾಕು, ನಮ್ಮಲ್ಲಿರುವ ಹಳೆಯ ಪದ್ಧತಿಯಲ್ಲಿ ಉಳಿದವರು ಅದನ್ನು ಕೇಳಿಸಿಕೊಂಡು ಬಾಯಿ ಮುಚ್ಚಿಕೊಳ್ಳುತ್ತಾರೆ. ಯಾರೂ ಹೂಂ ಎನ್ನದಿದ್ದರೆ ಆ ಕವಲಿಗೆ ಬರುವುದು ನಿಲ್ಲುತ್ತದೆ. ರೂಟರಿಗೆ ಬೇಸರವೇನೂ ಆಗುವುದಿಲ್ಲ.

ಪಡೀಲಿನ ನನ್ನ ದೊಡ್ಡಮ್ಮ ರೂಟರ್ ಗೀಟರ್ ನೋಡಿದವರಲ್ಲ, ಆದರೆ ಕೆಸುವಿನ ಎಲೆಯ ಪತ್ರೊಡೆ ಹಂಚುವುದು ಹೀಗೆಯೇ. ಜಡಿಮಳೆಯ ಆಟಿ ತಿಂಗಳು ಬಂತೆಂದರೆ ಗ್ರೂಪಿನಲ್ಲಿ ‘ಯಾರಿಗೆಲ್ಲ ಬೇಕು’ ಎಂದು ಕೇಳುತ್ತಾರೆ. ಸುರತ್ಕಲ್ಲಿನ ನಮ್ಮ ನಾಲ್ಕು ಮನೆಗಳ ಪರವಾಗಿ ಚಿಕ್ಕಮ್ಮ ‘ಬೇಕು’ ಎನ್ನುತ್ತಾರೆ, ಉಳಿದ ಮೂರು ಮನೆಯವರು ನೆಮ್ಮದಿಯಿಂದ ಸುಮ್ಮನಿರುತ್ತೇವೆ. ದೊಡ್ಡಮ್ಮನ ಮಗ ಈ ಕಡೆ ಕೆಲಸಕ್ಕೆ ಬರುವಾಗ ಒಂದೇ ದೊಡ್ಡ ಸ್ಟೀಲ್ ಡಬ್ಬಿ ತಂದು ನಮ್ಮಲ್ಲಿಡುತ್ತಾನೆ. ಅದು ನಾಲ್ಕು ಪಾಲಾಗುವುದು ನನ್ನ ಅಡುಗೆಮನೆಯಲ್ಲಿ. ನಮ್ಮ ಪಾಲು ತುಸು ದೊಡ್ಡದಾಗುತ್ತದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಈ ಸಲ ಚಿಕ್ಕಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ಮೊಬೈಲ್ ಮುಟ್ಟದೆ ಕುಳಿತಿದ್ದರು. ದೊಡ್ಡಮ್ಮ ಒಮ್ಮೆ ಕೇಳಿದರು, ಎರಡು ದಿನ ಬಿಟ್ಟು ಮತ್ತೊಮ್ಮೆ ಕೇಳಿದರು. ಎರಡು ಸಲವೂ ಓದಿ, ಚಿಕ್ಕಮ್ಮ ಹೇಗೂ ಹೇಳುತ್ತಾರೆ ಎಂದು ಮೊಬೈಲನ್ನು ಕಿಸೆಗೆ ಹಾಕಿದೆ. ಉಳಿದ ಮನೆಯವರೂ ಅಷ್ಟೇ. ಬಜಪೆಯ ಅತ್ತೆ ಮಾತ್ರ ಬೇಕು ಎಂದಿದ್ದರು, ಅವರಿಗೆ ಹೋಯಿತು. ಒಗ್ಗರಣೆ ಹಾಕಿದ ಪತ್ರೊಡೆಯ ಫೋಟೋ ಅಲ್ಲಿಂದ ಬಂದಾಗಲೇ ನಮ್ಮ ಡಬ್ಬಿಯ ನೆನಪಾದದ್ದು. ತಕರಾರು ಹೇಳುವ ಠೀವಿಯಲ್ಲಿ ಪಡೀಲಿಗೆ ಫೋನ್ ಮಾಡಿದೆ.

“ಸುರತ್ಕಲ್‌ನವರಿಗೆ ನನ್ನ ಕೈರುಚಿ ಸಾಕಾಯ್ತು ಅಂತ ಗ್ರಹಿಸಿದೆ ಮಾರಾಯ” ಎಂದರು ದೊಡ್ಡಮ್ಮ. ಸ್ವರ ಎಂದಿನಂತಿರಲಿಲ್ಲ. “ನಿಮಗೂ ಸೇರಿಸಿಯೇ ಎಲೆ ಕೊಯ್ದಿದ್ದೆ. ನಾಲ್ಕು ಮನೆಯಲ್ಲಿ ಒಬ್ಬರು ಹೇಳಿದ್ದರೆ ಸಾಕಿತ್ತು.”

ನನಗೆ ನಾಚಿಕೆಯಾಯಿತು. ಉತ್ತರ ಬಾರದಿದ್ದರೆ ನಿಲ್ಲಿಸಬೇಕೆಂಬ ನಿಯಮವನ್ನು ಅವರು ಸರಿಯಾಗಿಯೇ ಪಾಲಿಸಿದ್ದರು. ಆದರೆ ನಿಲ್ಲಿಸಿದ ಮೇಲೆ ಅವರಿಗೆ ನೋವಾಗಿತ್ತು.

ಆಟಿ ಮುಗಿಯಲು ಇನ್ನೂ ನಾಲ್ಕು ದಿನವಿತ್ತು. ಗ್ರೂಪ್ ತೆರೆದು ‘ನಮಗೆ ಬೇಕು’ ಎಂದು ಬರೆದೆ. ಹತ್ತು ನಿಮಿಷದೊಳಗೆ ಉಳಿದ ಮೂರು ಮನೆಯವರೂ ಬರೆದರು, ಅವರಲ್ಲಿ ಚಿಕ್ಕಮ್ಮ ಸೊಸೆಯ ಕೈಯಲ್ಲಿ ಬರೆಸಿದರು. ನೆಟ್‌ವರ್ಕಿನ ಲೆಕ್ಕದಲ್ಲಿ ಆ ಮೂರೂ ದಂಡ. ಎರಡು ದಿನ ಬಿಟ್ಟು ಡಬ್ಬಿ ಕೊಡಲು ಬಂದ ದೊಡ್ಡಮ್ಮನ ಮಗ ಹೇಳಿದ, ಅಮ್ಮ ಆ ನಾಲ್ಕನ್ನೂ ಮತ್ತೆ ಮತ್ತೆ ತೆಗೆದು ಓದುತ್ತಿದ್ದಾರೆ ಎಂದು.