ರಾಗಿಯ ನಡುವೆ ಅವರೆ ಸಾಲು

ಚಾಂಪಿಯನ್ ರೀಫ್ಸ್‌ನ ತಮಿಳು ಮಾತಾಡುವ ಚಿನ್ನದ ಗಣಿ ಕಾರ್ಮಿಕರ ಮನೆಯಲ್ಲಿ ಹುಟ್ಟಿದ ನನಗೆ ಬೇಸಾಯ ಗೊತ್ತಾದದ್ದು ಕಾಲೇಜಿನಲ್ಲಿ. ಓದು ಮುಗಿದ ಮೇಲೆ ಒಂದು ಸಣ್ಣ ಸಂಸ್ಥೆ ಸೇರಿದೆ. ಮಳೆ ಮೊದಲಿನ ಹಾಗಿಲ್ಲವಾದ್ದರಿಂದ ಅದಕ್ಕೆ ಹೊಂದುವ ಬೇಸಾಯವನ್ನು ಬಂಗಾರಪೇಟೆ ಸುತ್ತಲಿನ ಯುವ ರೈತರಿಗೆ ಹೇಳಿಕೊಡುವುದು ಕೆಲಸ. ಎಲ್ಲ ಕಡೆಯೂ ನಾನು ಮೊದಲು ಹೇಳುತ್ತಿದ್ದುದು ಅಕ್ಕಡಿ ಸಾಲಿನ ವಿಷಯ. ರಾಗಿಯ ನಡುವೆ ಎಂಟು ಸಾಲಿಗೊಂದರಂತೆ ಅವರೆ, ತೊಗರಿ ಬಿತ್ತುವುದು. ಮಳೆ ಕೈಕೊಟ್ಟು ಒಂದು ಹೋದರೂ ಇನ್ನೊಂದು ಉಳಿಯುತ್ತದೆ, ಮಣ್ಣಿಗೂ ಒಳ್ಳೆಯದು. ಹಿಂದೆ ಊರೆಲ್ಲ ಮಾಡುತ್ತಿದ್ದುದೇ. ಯಾಕೆ ಬಿಟ್ಟರೆಂದು ನಾನು ಯಾರನ್ನೂ ಕೇಳಿರಲಿಲ್ಲ.

ಮೊದಲು ಒಪ್ಪಿದವಳು ಇಪ್ಪತ್ತನಾಲ್ಕರ ಒಬ್ಬ ಹೆಣ್ಣುಮಗಳು. ಗಂಡ ಬೆಳಗಿನ ರೈಲಿಗೆ ಬೆಂಗಳೂರಿನ ಕಾರ್ಖಾನೆಗೆ ಹೋಗುತ್ತಿದ್ದ. ಹಸು, ಹೊಲ ಅವಳ ಪಾಲಿಗೆ ಬಿದ್ದಿದ್ದವು. ಅವಳ ಮಾವ, "ನಿನ್ ಇಷ್ಟ ಕಣಮ್ಮಾ, ಆಮೇಲೆ ನನ್ನ ಕೇಳ್ಬೇಡ," ಎಂದರಷ್ಟೆ.

ಬೆಳೆ ಚೆನ್ನಾಗಿ ಬಂತು. ಕೊಯ್ಲಿನ ಯಂತ್ರ ಬಂದ ದಿನ ನಾನೂ ಹೊಲದಲ್ಲಿದ್ದೆ. ರಾಗಿ ಒಣಗಿತ್ತು, ಅವರೆ ಇನ್ನೂ ಹೂವಿನಲ್ಲಿತ್ತು. ತಮಿಳುನಾಡಿನ ಚಾಲಕ ಇಳಿದು ಬಂದು ನೋಡಿದ. ಅವನ ಮಾತನ್ನು ಅವಳಿಗೆ ಕನ್ನಡದಲ್ಲಿ ತಿಳಿಸಬೇಕಾದವಳು ನಾನೇ: ಅವರೆಯ ಮೇಲೆ ಹತ್ತಿಸುತ್ತಾನಂತೆ, ಇಲ್ಲವೇ ವಾಪಸ್ಸು ಹೋಗುತ್ತಾನಂತೆ.

"ಅಕ್ಕಾ, ಈಗ ಎಲ್ರೂ ಮಿಸನ್ನಲ್ಲೇ ಕುಯ್ಸೋದು. ನಿಮ್ಗೆ ಗೊತ್ತಿರ್ಲಿಲ್ವಾ?"

"ನಾನು ಅದನ್ನ ಯೋಚ್ನೆ ಮಾಡಿರ್ಲಿಲ್ಲ," ಎಂದೆ.

ಅವಳು ಯಂತ್ರವನ್ನು ಕಳಿಸಿಬಿಟ್ಟಳು.

ಕೂಲಿಗೆ ಯಾರೂ ಸಿಗಲಿಲ್ಲ. ಅವಳು, ಮಾವ, ನಾನು ಕುಡುಗೋಲು ಹಿಡಿದೆವು. ಭಾನುವಾರ ಗಂಡನೂ ಸೇರಿದ. ನಾಲ್ಕು ದಿನ ಹಿಡಿಯಿತು. ಎರಡನೆಯ ದಿನ ನಾನು ಬೆರಳು ಕುಯ್ದುಕೊಂಡೆ. ಮಾವ ಟವೆಲಿನ ಅಂಚು ಹರಿದು ಕಟ್ಟಿದರು. ಆಗ ಕೇಳಿದೆ, ಅಕ್ಕಡಿ ಯಾಕೆ ಬಿಟ್ಟಿರಿ ಎಂದು.

"ಕುಯ್ಯಾಕೆ ಜನ ಇಲ್ದಂಗಾಯ್ತು, ಅದ್ಕೆ. ಅಕ್ಕಡಿ ಕೆಟ್ಟದ್ದು ಅಂತೇನಲ್ಲ."

ಇನ್ನು ಅವಳು ನನ್ನ ಮಾತು ಕೇಳುವುದಿಲ್ಲ ಎಂದುಕೊಂಡೆ. ಮುಂದಿನ ಮುಂಗಾರಿನಲ್ಲಿ ಸ್ವಲ್ಪ ಸಂಕೋಚದಿಂದಲೇ ಹೋದೆ. ಬಿತ್ತನೆ ಮುಗಿದಿತ್ತು. ಹಿಂದಿನ ಕೊಯ್ಲಿನಲ್ಲಿ ಪಕ್ಕದ ಹೊಲಕ್ಕೆ ಯಂತ್ರ ಬಂದಿದ್ದಾಗಲೇ ಅವಳು ಹಗ್ಗ ಹಿಡಿದು ಅದರ ಅಗಲ ಅಳೆದಿಟ್ಟುಕೊಂಡಿದ್ದಳು.

"ಎಂಟು ಸಾಲಿಗೊಂದು ಅಂತ ಏಳಿದ್ರಿ. ನಾನು ಅವರೆ ಸಾಲಿನ ನಡುವೆ ಮಿಸನ್ನು ಎಲ್ಡು ಸಲ ಓಡಾಡೋವಷ್ಟು ಜಾಗ ಬಿಟ್ಟಿವ್ನಿ. ತಿರುಗ್ಸೋ ತಾವ ಬರೀ ರಾಗಿ."

ಆ ವರ್ಷ ಯಂತ್ರ ಒಳಗೆ ಹೋಗಿ ಬಂತು. ತಿರುಗುವಾಗ ಒಂದು ಸಾಲಿನ ತುದಿ ಹಾಳಾಯಿತು. ಮಿಕ್ಕ ಅವರೆ ಬಂಗಾರಪೇಟೆ ಸಂತೆಗೆ ಹೋಯಿತು.

ನಾನು ತರಬೇತಿಯ ಹಾಳೆ ತಿದ್ದಿ, ಬೇರೆ ಊರುಗಳ ಯುವಕರನ್ನು ಅವಳ ಹೊಲಕ್ಕೆ ಕರೆದುಕೊಂಡು ಹೋದೆ. ಅವಳು ಕನ್ನಡದಲ್ಲೂ ತೆಲುಗಿನಲ್ಲೂ ವಿವರಿಸಿದಳು. ಪ್ರಶ್ನೆಗಳೆಲ್ಲ ಅವಳಿಗೇ. ಬದುವಿನ ಮೇಲೆ ನಿಂತಿದ್ದ ನನಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಆಮೇಲೆ ಚೀಟಿ ತೆಗೆದು ಅವಳು ಹೇಳುತ್ತಿದ್ದುದನ್ನು ಬರೆದುಕೊಂಡೆ.